ಕಟ್ಟು ಹಾಕುವವರ ಮನೆಯಿಂದ ಬಂದ ಡಾಕ್ಟರು: ಹ್ಯೂ ಓವನ್ ಥಾಮಸ್

ಸರ್ಕಾರಿ ಆಸ್ಪತ್ರೆಯ ಮೂಳೆ ವಾರ್ಡಿನೊಳಗೆ ಹೋಗಿ ಬಂದವರಲ್ಲಿ ಹೆಚ್ಚಿನವರು ಈ ಸಾಧನವನ್ನು ಕಂಡಿರುತ್ತಾರೆ. ತೊಡೆಯ ಬುಡದಲ್ಲಿ ಚರ್ಮ ಹೊದಿಸಿದ ದಪ್ಪನೆಯ ಬಳೆ. ಆ ಬಳೆಯಿಂದ ಕಾಲಿನ ಎರಡೂ ಬದಿಗೆ ಇಳಿದ ಎರಡು ಕಬ್ಬಿಣದ ಸರಳು. ಅಂಗಾಲಿನಿಂದ ಸ್ವಲ್ಪ ಆಚೆ ಎರಡೂ ಸರಳು ಕೂಡಿಕೊಂಡಿರುತ್ತವೆ. ನಡುವೆ ಬಟ್ಟೆಯ ಪಟ್ಟಿಗಳ ಮೇಲೆ, ತೊಟ್ಟಿಲಲ್ಲಿ ಮಲಗಿಸಿದ ಹಾಗೆ, ಮುರಿದ ಕಾಲು. ಬೈಕಿನಿಂದ ಬಿದ್ದು ತೊಡೆಮೂಳೆ ಮುರಿದುಕೊಂಡವರು, ಮರ ಹತ್ತಿ ಜಾರಿದವರು, ಇದರೊಳಗೆ ಕಾಲಿಟ್ಟುಕೊಂಡು ಸೂರು ನೋಡುತ್ತ ಮಲಗಿರುತ್ತಾರೆ. ಕೇಳಿದರೆ ದಾದಿಯರು ಥಾಮಸ್ ಸ್ಪ್ಲಿಂಟ್ ಎನ್ನುತ್ತಾರೆ. ಆ ಥಾಮಸ್ ಯಾರು ಎಂದು ಕೇಳುವವರು ಕಡಿಮೆ.

ಕೇಳಬೇಕಾದ ಕಾರಣವಿದೆ. ನಮ್ಮ ಮಡಕಶಿರಾ, ರಾಯದುರ್ಗ, ಹೊಸೂರು ಕಡೆಯ ಹಳ್ಳಿಗಳಲ್ಲಿ ಯಾರಾದರೂ ಕೈಕಾಲು ಮುರಿದುಕೊಂಡರೆ ಮನೆಯಲ್ಲಿ ತಕ್ಷಣ ಎರಡು ಪಕ್ಷ ಏಳುತ್ತವೆ. ಆಸ್ಪತ್ರೆಗೆ ಹೋಗೋಣ ಎನ್ನುವವರು ಒಂದು ಕಡೆ, ಪುತ್ತೂರು ಕಟ್ಟು ಹಾಕಿಸೋಣ ಎನ್ನುವವರು ಇನ್ನೊಂದು ಕಡೆ. (ದಕ್ಷಿಣ ಕನ್ನಡದ ಪುತ್ತೂರಲ್ಲ, ತಿರುಪತಿ ಕಡೆಯ ಪುತ್ತೂರು.) ಕಟ್ಟು ಎಂಬ ಮಾತು ಕನ್ನಡ, ತೆಲುಗು, ತಮಿಳು ಮೂರಕ್ಕೂ ಒಂದೇ ಆದ್ದರಿಂದ ಜಗಳಕ್ಕೆ ಭಾಷೆ ಅಡ್ಡ ಬರುವುದಿಲ್ಲ. ಥಾಮಸ್ ಹುಟ್ಟಿದ್ದು ಇದೇ ಜಗಳದ ನಡುವೆ. ಅವರ ತಂದೆ, ತಂದೆಯ ತಂದೆ, ಅವರ ತಂದೆ ಎಲ್ಲರೂ ಕಟ್ಟು ಹಾಕುವವರು. ಆ ಮನೆಯಿಂದ ಓದಿ ಡಾಕ್ಟರಾದವರ ಮೊದಲ ತಲೆಮಾರು ಹ್ಯೂ ಮತ್ತು ಅವರ ಸೋದರರದು.

ದಡಕ್ಕೆ ಬಂದ ಹುಡುಗ

ಬ್ರಿಟನ್ನಿನ ಪಶ್ಚಿಮಕ್ಕೆ ವೇಲ್ಸ್ ಎಂಬ ನಾಡಿದೆ. ಅಲ್ಲಿಯವರ ಭಾಷೆ ವೆಲ್ಷ್, ಇಂಗ್ಲಿಷಿಗೂ ಅದಕ್ಕೂ ಏನೇನೂ ಹೋಲಿಕೆಯಿಲ್ಲ. ವೇಲ್ಸಿನ ವಾಯವ್ಯ ಮೂಲೆಯಲ್ಲಿ ಆಂಗಲ್ಸಿ ಎಂಬ ದ್ವೀಪ. 1740ರ ದಶಕದಲ್ಲಿ ಒಂದು ರಾತ್ರಿ ಆ ದ್ವೀಪದ ಬಳಿ ಹಡಗೊಂದು ಒಡೆಯಿತು. ಬದುಕಿ ಬಂದವರು ಇಬ್ಬರು ಹುಡುಗರು. ಅವರಾಡುವ ಮಾತು ಊರಲ್ಲಿ ಯಾರಿಗೂ ತಿಳಿಯಲಿಲ್ಲ. ಒಬ್ಬ ಸ್ವಲ್ಪ ದಿನದಲ್ಲೇ ತೀರಿಕೊಂಡ. ಉಳಿದವನನ್ನು ಅಲ್ಲಿಯ ಮನೆಯೊಂದು ಸಾಕಿಕೊಂಡು ಇವಾನ್ ಥಾಮಸ್ ಎಂದು ಹೆಸರಿಟ್ಟಿತು. ಆ ಹುಡುಗನ ಕೈಗೆ ಒಂದು ವಿಚಿತ್ರ ಗುಣವಿತ್ತು, ಕಾಲು ಮುರಿದ ಹಕ್ಕಿ, ಕುರಿಗಳಿಗೆ ಕಟ್ಟು ಹಾಕಿ ಸರಿ ಮಾಡುತ್ತಿದ್ದ, ಆಮೇಲೆ ಮನುಷ್ಯರಿಗೂ ಶುರು ಮಾಡಿದ ಎಂದು ಕತೆ. ಇಂಥ ಕತೆಗಳಲ್ಲಿ ಎಷ್ಟು ನಿಜ, ಎಷ್ಟು ಆಮೇಲೆ ಕೂಡಿದ್ದು ಎಂದು ಬೇರ್ಪಡಿಸುವುದು ಕಷ್ಟ. ಆದರೆ ಆತ 1814ರಲ್ಲಿ ತೀರಿಕೊಂಡಾಗ ದ್ವೀಪದ ಚರ್ಚಿನಲ್ಲಿ ಮೂಳೆ ಕೂರಿಸುವವನೆಂದೇ ಸ್ಮಾರಕ ಫಲಕ ಇಡಿಸಿದರು ಎಂಬುದು ಕತೆಯಲ್ಲ.

ವಿದ್ಯೆ ಮನೆಯಲ್ಲೇ ಇಳಿಯಿತು. ಮೊಮ್ಮಗ ಇನ್ನೊಬ್ಬ ಇವಾನ್ ಥಾಮಸ್. ಈತ ಸಮುದ್ರ ದಾಟಿ ಇಂಗ್ಲೆಂಡಿನ ಲಿವರ್‌ಪೂಲ್ ಸೇರಿದ. ಲಿವರ್‌ಪೂಲ್ ಆಗ ಲೋಕದ ದೊಡ್ಡ ಬಂದರುಗಳಲ್ಲಿ ಒಂದು. ಊರು ಇಂಗ್ಲಿಷರದು, ಆದರೆ ವೇಲ್ಸಿನ ಗಡಿಗೆ ಹತ್ತಿರ. ಹತ್ತಾರು ಸಾವಿರ ವೆಲ್ಷ್ ಜನ ಅಲ್ಲಿ ಮನೆ ಮಾಡಿದ್ದರು. ಮನೆಯಲ್ಲಿ ವೆಲ್ಷ್, ಹೊರಗೆ ಇಂಗ್ಲಿಷ್. 1884ರಲ್ಲಿ ವೆಲ್ಷ್ ಜನರ ರಾಷ್ಟ್ರೀಯ ಸಾಹಿತ್ಯೋತ್ಸವ ನಡೆದದ್ದು ಕೂಡ ಈ ಇಂಗ್ಲಿಷ್ ಊರಿನಲ್ಲೇ. ಗಡಿಯಲ್ಲಿ ಬದುಕುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಂದರೆಂದರೆ ಮೂಟೆ, ಹಗ್ಗ, ಏಣಿ, ಹಡಗಿನ ಕಂಬ. ದಿನವೂ ಯಾರಾದರೊಬ್ಬರ ಕೈ ಮುರಿಯುತ್ತಿತ್ತು, ಕಾಲು ಉಳುಕುತ್ತಿತ್ತು. ಹೀಗಾಗಿ ಇವಾನ್ ಥಾಮಸನ ಬಾಗಿಲಲ್ಲಿ ಯಾವಾಗಲೂ ಜನ. ಇದನ್ನು ಕಂಡ ಊರಿನ ಡಾಕ್ಟರುಗಳಿಗೆ ಸಹಿಸಲಾಗಲಿಲ್ಲ. ಒಂದಕ್ಕಿಂತ ಹೆಚ್ಚು ಬಾರಿ ಆತನನ್ನು ಕೋರ್ಟಿಗೆ ಎಳೆದರು. ಆತ ಗೆದ್ದು ಬರುತ್ತಿದ್ದ, ಬಂದರಿನ ಜನ ಆತನ ಬೆನ್ನಿಗಿದ್ದರು. ಆದರೆ ಕೋರ್ಟಿನ ಮೆಟ್ಟಿಲು ಹತ್ತಿದ ಮನುಷ್ಯ ಒಂದು ನಿರ್ಧಾರಕ್ಕೆ ಬಂದ. ತನ್ನ ಮಕ್ಕಳಿಗೆ ಈ ಗತಿ ಬೇಡ. ಐದೂ ಗಂಡುಮಕ್ಕಳನ್ನು ವೈದ್ಯಕೀಯ ಓದಿಸಿದ. ಐವರೂ ಡಾಕ್ಟರಾದರು. ಅವರಲ್ಲಿ ಹಿರಿಯ ಹ್ಯೂ.

ಎರಡು ಶಾಲೆ

ಹ್ಯೂ ಹುಟ್ಟಿದ್ದು 1834ರ ಆಗಸ್ಟ್ 23ರಂದು, ಆಂಗಲ್ಸಿಯಲ್ಲಿ. ಮಗು ನಿತ್ರಾಣ. ಲಿವರ್‌ಪೂಲಿನ ಹೊಗೆ ಆಗದು ಎಂದು ಅಜ್ಜ ಅಜ್ಜಿಯ ಬಳಿ ದ್ವೀಪದಲ್ಲೇ ಬಿಟ್ಟರು. ಹದಿಮೂರು ವರ್ಷದವರೆಗೆ ಸಮುದ್ರದ ಗಾಳಿಯಲ್ಲಿ ಬೆಳೆದ. ಆ ಕಾಲದಲ್ಲೇ ಹುಡುಗರ ಆಟದಲ್ಲಿ ಕಲ್ಲು ಬಿದ್ದು ಒಂದು ಕಣ್ಣಿನ ರೆಪ್ಪೆ ಹೊರಗೆ ಮಗುಚಿಕೊಂಡಿತು. ಕೊನೆಯವರೆಗೂ ಅದು ಸರಿಯಾಗಲಿಲ್ಲ. ಮುಂದೆ ಥಾಮಸ್ ನಾವಿಕರ ಟೋಪಿಯನ್ನು ಆ ಕಣ್ಣಿನ ಮೇಲೆ ವಾರೆಯಾಗಿ ಎಳೆದುಕೊಂಡು ಓಡಾಡುತ್ತಿದ್ದುದು ಇದಕ್ಕೇ. ಗೊತ್ತಿಲ್ಲದವರು ಶೋಕಿ ಎಂದುಕೊಂಡರು.

ಮೊದಲು ನಾಲ್ಕು ವರ್ಷ ಸಂಬಂಧಿಕ ಡಾಕ್ಟರೊಬ್ಬರ ಬಳಿ ಕೆಲಸ ಕಲಿತು, ಆಮೇಲೆ ಎಡಿನ್‌ಬರೋ, ಲಂಡನ್ನಿನಲ್ಲಿ ಓದಿ 1857ರಲ್ಲಿ ಪದವಿ ಪಡೆದರು. ಪ್ಯಾರಿಸಿಗೂ ಹೋಗಿ ಅಲ್ಲಿಯ ಆಸ್ಪತ್ರೆಗಳನ್ನು ನೋಡಿ ಬಂದರು. ಊರಿಗೆ ಮರಳಿ ತಂದೆಯ ಜೊತೆ ಸೇರಿಕೊಂಡರು. ಒಂದು ವರ್ಷದ ಆಚೆ ನಿಭಾಯಿಸಲಾಗಲಿಲ್ಲ. ತಂದೆಗೆ ಅನುಭವದ ಹಟ, ಮಗನಿಗೆ ಓದಿನ ಹಟ. ಬೇರೆಯಾದರು. ಮಗ ಬಂದರಿನ ಬಡವರಿರುವ ಬೀದಿಯಲ್ಲಿ ಬೋರ್ಡು ಹಾಕಿದರು. 1866ರಿಂದ ನೆಲ್ಸನ್ ಬೀದಿಯ 11ನೇ ನಂಬರಿನ ಮನೆಯೇ ಖಾಯಂ ವಿಳಾಸವಾಯಿತು.

ಮನೆ ಬಿಟ್ಟು ಬಂದರೂ ತಂದೆಯ ಕೈಯ ವಿದ್ಯೆಯನ್ನು ಬಿಟ್ಟು ಬರಲಿಲ್ಲ ಎನ್ನುವುದು ಇಲ್ಲಿ ಮುಖ್ಯ. ಎಕ್ಸ್‌ರೇ ಕಂಡುಹಿಡಿದದ್ದು 1895ರಲ್ಲಿ, ಥಾಮಸ್ ಸತ್ತ ನಾಲ್ಕು ವರ್ಷಕ್ಕೆ. ಅಂದರೆ ಅವರು ಜೀವಮಾನದಲ್ಲಿ ಒಂದೇ ಒಂದು ಎಕ್ಸ್‌ರೇ ನೋಡಿಲ್ಲ. ಮೂಳೆ ಎಲ್ಲಿ ಮುರಿದಿದೆ, ಕೂಡಿತೋ ಇಲ್ಲವೋ, ಕೀಲಿನೊಳಗೆ ಕೀವಿದೆಯೋ, ಎಲ್ಲವನ್ನೂ ಬೆರಳ ತುದಿಯಿಂದಲೇ ತಿಳಿಯಬೇಕಿತ್ತು. ಅದನ್ನು ಕಾಲೇಜು ಕಲಿಸಿರಲಿಲ್ಲ.

ಕೊಯ್ಯುವುದೋ, ಹಿಡಿದಿಡುವುದೋ

ಆ ಕಾಲದ ಸ್ಥಿತಿ ಹೇಗಿತ್ತೆಂದು ಸ್ವಲ್ಪ ಹೇಳಬೇಕು. ಈಗ ಕಾಲಿನ ತೊಂದರೆ ಎಂದರೆ ನಮಗೆ ಅಪಘಾತ ನೆನಪಾಗುತ್ತದೆ. ಆಗ ಅದಕ್ಕಿಂತ ದೊಡ್ಡ ಪಿಡುಗು ಕೀಲಿನ ಕ್ಷಯ. ಶ್ವಾಸಕೋಶಕ್ಕೆ ಬರುವ ಟಿಬಿಯೇ ಸೊಂಟದ ಕೀಲಿಗೆ, ಮಂಡಿಗೆ, ಬೆನ್ನುಮೂಳೆಗೆ ಬರುತ್ತಿತ್ತು. ಬಡಮಕ್ಕಳಲ್ಲಿ ಹೆಚ್ಚು. ಮಂಡಿ ಊದಿ, ಬಾಗಿ, ಕೀವಾಗಿ ವರ್ಷಗಟ್ಟಲೆ ನರಳುತ್ತಿದ್ದರು. ಔಷಧವಿರಲಿಲ್ಲ. ಸ್ಟ್ರೆಪ್ಟೊಮೈಸಿನ್ ಬಂದದ್ದು 1940ರ ದಶಕದಲ್ಲಿ. ಅರಿವಳಿಕೆ 1846ರಿಂದ ಬಳಕೆಗೆ ಬಂದಿತ್ತು, ರೋಗಿ ಕಿರುಚುವುದಿಲ್ಲ ಎಂದಾದ ಮೇಲೆ ಸರ್ಜನ್ನರ ಚಾಕುವಿಗೆ ಧೈರ್ಯ ಬಂದಿತ್ತು. ರೋಗ ಹಿಡಿದ ಕೀಲನ್ನು ಕೊಯ್ದು ತೆಗೆಯುವುದು, ಇಲ್ಲವೆ ಕಾಲನ್ನೇ ತೆಗೆಯುವುದು ದೊಡ್ಡ ಆಸ್ಪತ್ರೆಗಳ ಪದ್ಧತಿ. ಇನ್ನು ಕೆಲವರು ಕೀಲು ಬಿಗಿದುಕೊಳ್ಳಬಾರದೆಂದು ಊದಿದ ಮಂಡಿಯನ್ನೇ ಹಿಡಿದು ಮಡಿಸಿ ಬಿಡಿಸುತ್ತಿದ್ದರು. ಮಗು ನೋವಿನಿಂದ ಒದ್ದಾಡುತ್ತಿತ್ತು.

ಥಾಮಸ್ ಹೇಳಿದ್ದು ಇದಕ್ಕೆ ತದ್ವಿರುದ್ಧ. ಕೆಟ್ಟ ಕೀಲಿಗೂ ಮುರಿದ ಮೂಳೆಗೂ ಬೇಕಾದದ್ದು ವಿಶ್ರಾಂತಿ. ಆ ವಿಶ್ರಾಂತಿ ರೋಗಿಯ ಇಷ್ಟಕ್ಕೆ ಬಿಟ್ಟದ್ದಾಗಿರಬಾರದು, ನಡುವೆ ಕಡಿಯಬಾರದು, ಬೇಗ ಮುಗಿಯಬಾರದು. ನೋವು ನಿಂತಿತು ಎಂದು ಕಟ್ಟು ಬಿಚ್ಚಿದರೆ ಮತ್ತೆ ಮೊದಲಿನಿಂದ ಲೆಕ್ಕ. ಕೇಳಲು ಸರಳ. ಆದರೆ ವಿಶ್ರಾಂತಿ ಎಂದರೇನು ಎಂಬಲ್ಲಿ ಅವರು ಉಳಿದವರಿಗಿಂತ ಒಂದು ಹೆಜ್ಜೆ ಮುಂದೆ ಹೋದರು. ವಿಶ್ರಾಂತಿ ಬೇಕಾದದ್ದು ಕಾಲಿಗೆ, ಇಡೀ ಮನುಷ್ಯನಿಗಲ್ಲ. ಮೂಟೆ ಹೊರುವವನನ್ನು ಆರು ತಿಂಗಳು ಹಾಸಿಗೆಗೆ ಕಟ್ಟಿದರೆ ಕಾಲು ಉಳಿಯಬಹುದು, ಮನೆ ಉಳಿಯುವುದಿಲ್ಲ. ಬೆನ್ನಿಗೆ ಹುಣ್ಣು, ಎದೆಗೆ ಕಫ, ಮನಸ್ಸಿಗೆ ಬೇಸರ ಬೇರೆ. ಆದ್ದರಿಂದ ಕೆಟ್ಟ ಭಾಗವನ್ನು ಮಾತ್ರ ಅಲುಗದಂತೆ ಹಿಡಿದು, ಮನುಷ್ಯನನ್ನು ಎದ್ದು ಓಡಾಡಲು ಬಿಡುವಂಥ ಏನಾದರೂ ಬೇಕಿತ್ತು.

ಅದನ್ನು ಕಬ್ಬಿಣದಲ್ಲಿ ಮಾಡಿದರು. ಮೊದಲೇ ಹೇಳಿದ ಬಳೆ ತೊಡೆಯ ಬುಡಕ್ಕೆ ಬರುತ್ತದೆ. ನಾವು ಕುಳಿತಾಗ ನೆಲಕ್ಕೆ ಒತ್ತುವ ಒಂದು ಮೂಳೆ ಪೃಷ್ಠದಲ್ಲಿದೆಯಲ್ಲ, ಬಳೆ ಅದಕ್ಕೆ ಆನಿಕೊಳ್ಳುತ್ತದೆ. ಮೈಭಾರ ಆ ಮೂಳೆಯಿಂದ ಬಳೆಗೆ, ಬಳೆಯಿಂದ ಸರಳಿಗೆ, ಸರಳಿನಿಂದ ನೆಲಕ್ಕೆ ಇಳಿಯುತ್ತದೆ. ನಡುವಿನ ಮಂಡಿಗೆ ಭಾರವೇ ಇಲ್ಲ, ಕಾಲು ಸರಳುಗಳ ನಡುವೆ ತೂಗಿಕೊಂಡಿರುತ್ತದೆ. ಇನ್ನೊಂದು ಕಾಲಿನ ಬೂಟಿನಡಿ ಎತ್ತರದ ಕಬ್ಬಿಣದ ಅಟ್ಟೆ ಇಟ್ಟರೆ ಎರಡೂ ಕಡೆ ಸಮ. ಊರುಗೋಲು ಹಿಡಿದು ನಡೆಯಬಹುದು. ವಾಸಿಯಾಗುತ್ತ ಬಂದಂತೆ ಸರಳುಗಳನ್ನು ತುಂಡು ಮಾಡಿ ತುದಿಗಳನ್ನು ಬೂಟಿನ ಹಿಮ್ಮಡಿಯ ತೂತಿಗೆ ಸೇರಿಸುತ್ತಿದ್ದರು. ಪೋಲಿಯೋ ಬಂದ ಮಕ್ಕಳಿಗೆ ನಮ್ಮಲ್ಲಿ ಹಾಕುತ್ತಿದ್ದ ಕ್ಯಾಲಿಪರ್ ನೆನಪಿದೆಯಲ್ಲವೇ, ಅದರ ವಂಶದ ಮೂಲ ಇದು.

ಸೊಂಟದ ಕೀಲಿಗೆ ಬೇರೆ ಸ್ಪ್ಲಿಂಟ್, ಬೆನ್ನಿನಿಂದ ಕಾಲಿನವರೆಗೆ ಹೋಗುವ ಚಪ್ಪಟೆ ಪಟ್ಟಿ. ಕುತ್ತಿಗೆಯ ಮೂಳೆಯ ಕ್ಷಯಕ್ಕೆ ಮೆತ್ತೆ ಹಾಕಿದ ಕಾಲರ್. ಅಡಿ ಚಪ್ಪಟೆಯಾದವರಿಗೆ ಒಳಬದಿ ಸ್ವಲ್ಪ ಮುಂದೆ ಚಾಚಿದ ಹಿಮ್ಮಡಿಯ ಬೂಟು. ರೋಗಿಯನ್ನು ಅಂಗಾತ ಮಲಗಿಸಿ ಒಳ್ಳೆಯ ಕಾಲಿನ ಮಂಡಿಯನ್ನು ಎದೆಗೆ ಒತ್ತಿದರೆ, ಇನ್ನೊಂದು ಸೊಂಟ ಬಿಗಿದಿದ್ದರೆ ಆ ತೊಡೆ ತಾನಾಗಿಯೇ ಮೇಲೇಳುತ್ತದೆ. ಥಾಮಸ್ ಪರೀಕ್ಷೆ ಎಂದು ಇದನ್ನು ಇಂದಿಗೂ ಮೂಳೆ ಡಾಕ್ಟರುಗಳು ಮಾಡುತ್ತಾರೆ. ಖರ್ಚು ಒಂದು ಪೈಸೆಯಿಲ್ಲ.

ನೆಲ್ಸನ್ ಬೀದಿಯ ಕುಲುಮೆ

ಈ ಎಲ್ಲ ಸಾಮಾನನ್ನು ಥಾಮಸ್ ಅಂಗಡಿಯಿಂದ ತರಿಸುತ್ತಿರಲಿಲ್ಲ. ಮನೆಯಲ್ಲೇ ಒಬ್ಬ ಕಮ್ಮಾರ, ಒಬ್ಬ ಚರ್ಮ ಹೊಲಿಯುವವ ಇದ್ದರು. ರೋಗಿ ಒಳಗೆ ಮಲಗಿರುವಾಗಲೇ ಅಳತೆ ಹೋಗಿ, ಸರಳು ಬಗ್ಗಿ, ಮೆತ್ತೆ ಹೊಲಿದು ಸ್ಪ್ಲಿಂಟ್ ಬರುತ್ತಿತ್ತು. ಎಲ್ಲಿಯಾದರೂ ಒತ್ತಿದರೆ ಅಲ್ಲೇ ತಿದ್ದುವುದು. ಒಬ್ಬರಿಗೆ ಮಾಡಿದ್ದು ಇನ್ನೊಬ್ಬರಿಗೆ ಆಗದು ಎಂಬುದು ಅವರ ಮತ. ನನಗೆ ಈ ಮನುಷ್ಯನ ಬದುಕಿನಲ್ಲಿ ಅತ್ಯಂತ ಹಿಡಿಸಿದ್ದು ಈ ಕುಲುಮೆ. ಎಷ್ಟೋ ಜನ ಮುರಿದ ಮೂಳೆಗಿಂತ ಸರಿಯಾಗಿ ಕೂರದ ಪಟ್ಟಿಯಿಂದ ಹೆಚ್ಚು ನರಳುತ್ತಾರೆ. ಒತ್ತಿದ ಜಾಗದಲ್ಲಿ ಚರ್ಮ ಕೆಂಪಾಗಿ, ಹುಣ್ಣಾಗಿ, ನಿದ್ದೆ ಹೋಗಿ, ಕೊನೆಗೆ ಬೇಸತ್ತು ತಾವೇ ಬಿಚ್ಚಿಬಿಡುತ್ತಾರೆ. ಅಂದಹಾಗೆ, ಬಳೆಯಡಿಯ ಚರ್ಮವನ್ನು ದಿನವೂ ತೊಳೆದು ಒರೆಸಿ, ಒಂದೇ ಜಾಗ ಒತ್ತದಂತೆ ಚರ್ಮವನ್ನು ಸ್ವಲ್ಪ ಸ್ವಲ್ಪ ಸರಿಸಬೇಕು ಎಂದು ದಾದಿಯರಿಗೆ ಕಲಿಸುತ್ತಾರೆ. ಮನೆಯಲ್ಲಿ ನೋಡಿಕೊಳ್ಳುವವರೂ ಕಲಿಯಬಹುದಾದ ಕೆಲಸ ಇದು.

ದಿನಚರಿ ಹೀಗಿತ್ತು. ಬೆಳಕು ಹರಿಯುವ ಮುಂಚೆ ಎದ್ದು ಕುದುರೆಗಾಡಿಯಲ್ಲಿ ರೋಗಿಗಳ ಮನೆಗಳಿಗೆ ಒಂದು ಸುತ್ತು. ಗಾಡಿ ಅವರೇ ಹೇಳಿ ಮಾಡಿಸಿದ್ದು, ಚಕ್ರಕ್ಕೆ ಕೆಂಪು ಬಣ್ಣ. ತಿಂಡಿ ಮುಗಿಸಿ ಒಂಬತ್ತಕ್ಕೆ ಬಾಗಿಲು ತೆರೆದರೆ ಮಧ್ಯಾಹ್ನದವರೆಗೆ ಹತ್ತಾರು ಜನ. ಆಮೇಲೆ ತಮ್ಮದೇ ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ. ಸಂಜೆ ಮತ್ತೆ ಮನೆ ಭೇಟಿ. ರಾತ್ರಿ ಬರವಣಿಗೆ. ಕುಳ್ಳು, ಸಣಕಲು ಮೈ, ಕುತ್ತಿಗೆವರೆಗೆ ಗುಂಡಿ ಹಾಕಿದ ಕರಿ ಕೋಟು, ವಾರೆ ಟೋಪಿ, ಬಾಯಲ್ಲಿ ಯಾವಾಗಲೂ ಸಿಗರೇಟು. ರಜೆ ಎಂಬುದೇ ಇಲ್ಲ. ಭಾನುವಾರ ಬಡವರಿಗೆ ಉಚಿತ. ಅಂದು ನೆಲ್ಸನ್ ಬೀದಿಯಲ್ಲಿ ಊರುಗೋಲಿನವರು, ಮಕ್ಕಳನ್ನು ಹೊತ್ತ ತಾಯಂದಿರು, ತಳ್ಳುಗಾಡಿಯಲ್ಲಿ ಬಂದವರು ಸಾಲುಗಟ್ಟಿ ನಿಲ್ಲುತ್ತಿದ್ದರು. ಈ ಭಾನುವಾರದ ಚಿಕಿತ್ಸೆ ಸುಮಾರು ಇಪ್ಪತ್ತು ವರ್ಷ ತಪ್ಪದೆ ನಡೆಯಿತು.

1864ರಲ್ಲಿ ಅವರಿಗೆ ಮದುವೆಯಾಗಿತ್ತು. ಹೆಂಡತಿ ಎಲಿಜಬೆತ್ ವೇಲ್ಸಿನ ರಿಲ್ ಎಂಬ ಊರಿನ ಜೋನ್ಸ್ ಮನೆತನದವರು. ಮಕ್ಕಳಾಗಲಿಲ್ಲ. 1873ರಲ್ಲಿ ಎಲಿಜಬೆತ್ ಅವರ ಸೋದರಳಿಯ, ಹದಿನಾರರ ರಾಬರ್ಟ್ ಜೋನ್ಸ್ ವೈದ್ಯಕೀಯ ಓದಲು ಬಂದು ಇವರ ಮನೆಯಲ್ಲೇ ಉಳಿದ. ಕಾಲೇಜಿನ ಪಾಠ ಕಾಲೇಜಿನಲ್ಲಿ, ನಿಜವಾದ ಪಾಠ ಮಾವನ ಕುಲುಮೆಯ ಪಕ್ಕದಲ್ಲಿ. ಮುಂದಿನ ಕತೆಗೆ ಈ ಹುಡುಗ ಬೇಕು.

ಹೊರಗಿನವರಾಗಿಯೇ ಉಳಿದರು

ಇಷ್ಟೆಲ್ಲ ಮಾಡಿದ ಡಾಕ್ಟರಿಗೆ ಲಿವರ್‌ಪೂಲಿನ ಯಾವ ದೊಡ್ಡ ಆಸ್ಪತ್ರೆಯಲ್ಲೂ ಹುದ್ದೆ ಸಿಗಲಿಲ್ಲ. ಪದವಿಯಿದ್ದರೂ ಕಟ್ಟು ಹಾಕುವವನ ಮಗ ಎಂಬ ಹಣೆಪಟ್ಟಿ ಹೋಗಲಿಲ್ಲ. ಅತ್ತ ತಂದೆಯ ಕಡೆಯವರಿಗೆ ಇವರು ಪುಸ್ತಕದ ಡಾಕ್ಟರು. 1875ರಲ್ಲಿ ಸೊಂಟ, ಮಂಡಿ, ಕಣಕಾಲಿನ ಕೀಲುಗಳ ರೋಗದ ಬಗ್ಗೆ ಪುಸ್ತಕ ಬರೆದು ತಮ್ಮ ಸ್ಪ್ಲಿಂಟುಗಳನ್ನೆಲ್ಲ ಅದರಲ್ಲಿ ವಿವರಿಸಿದರು. ಪೇಟೆಂಟು, ಗುಟ್ಟು ಏನೂ ಇಟ್ಟುಕೊಳ್ಳಲಿಲ್ಲ. ಯಾರು ಬೇಕಾದರೂ ಊರ ಕಮ್ಮಾರನಿಂದ ಮಾಡಿಸಿಕೊಳ್ಳಬಹುದಿತ್ತು. ಆದರೆ ಲಂಡನ್ನಿನ ಪ್ರಮುಖರು ಗಮನ ಕೊಡಲಿಲ್ಲ. 1870ರ ಫ್ರಾನ್ಸ್-ಪ್ರಷ್ಯಾ ಯುದ್ಧದ ಸಮಯದಲ್ಲಿ ಗಾಯಾಳುಗಳಿಗೆ ಉಪಯೋಗವಾಗಲೆಂದು ಫ್ರೆಂಚರಿಗೆ ಕೊಡಲು ಮುಂದಾಗಿದ್ದರು, ಅಲ್ಲೂ ಬೇಡವೆಂದರು.

ತಪ್ಪೆಲ್ಲ ಎದುರಿನವರದೇ ಎನ್ನಲಾಗದು. ಥಾಮಸರ ಬರವಣಿಗೆ ಗಂಟು ಗಂಟು. ಅಭಿಪ್ರಾಯ ಭೇದವಿದ್ದವರನ್ನು ಹೆಸರು ಹಿಡಿದು ಝಾಡಿಸುವುದು ಬೇರೆ. ಸಭೆಗಳಿಗೆ ಹೋಗುತ್ತಿರಲಿಲ್ಲ, ಹೋದರೂ ಹೊಂದಿಕೊಳ್ಳುತ್ತಿರಲಿಲ್ಲ. ವಿಶ್ರಾಂತಿಯ ಸಿದ್ಧಾಂತವನ್ನು ಅವರು ಎಲ್ಲಕ್ಕೂ ಹಚ್ಚಿದರು, ಕರುಳು ಕಟ್ಟಿಕೊಂಡರೂ ವಿಶ್ರಾಂತಿಯೇ ಮದ್ದೆಂದು ಬರೆದರು. ಅದೇ ವೇಳೆ, ತಿಂಗಳುಗಳಾದರೂ ಕೂಡದ ಮೂಳೆಗೆ ಅವರು ಮಾಡುತ್ತಿದ್ದ ಚಿಕಿತ್ಸೆ ವಿಶ್ರಾಂತಿಗೆ ವಿರುದ್ಧ ಎನ್ನಿಸುವಂಥದ್ದು. ಮುರಿದ ಜಾಗವನ್ನು ಮೆತ್ತೆ ಹಾಕಿದ ಸುತ್ತಿಗೆಯಿಂದ ತಟ್ಟಿ, ಮೇಲೆ ಕೆಳಗೆ ರಬ್ಬರ್ ಪಟ್ಟಿ ಕಟ್ಟಿ, ಅಲ್ಲಿ ರಕ್ತ ನಿಲ್ಲುವಂತೆ ಮಾಡುತ್ತಿದ್ದರು. ಕೆರೆಗೆ ಕಟ್ಟೆ ಕಟ್ಟಿದ ಹಾಗೆ. ರಕ್ತ ಸೇರಿದಲ್ಲಿ ಮೂಳೆ ಬೆಳೆಯುತ್ತದೆ ಎಂಬ ಅಂದಾಜು. ಯಾರೂ ಮನೆಯಲ್ಲಿ ಇದನ್ನು ಪ್ರಯತ್ನಿಸಬಾರದು.

ಇಲ್ಲಿ ಕಟ್ಟಿನ ಬಗ್ಗೆ ಒಂದು ಮಾತು ಹೇಳಲೇಬೇಕು. 1881ರಲ್ಲಿ, ಥಾಮಸ್ ಇದ್ದಾಗಲೇ, ಜರ್ಮನಿಯ ಫೋಲ್ಕ್‌ಮನ್ ಎಂಬ ಸರ್ಜನ್ ಬಿಗಿಯಾಗಿ ಕಟ್ಟಿದ ಪಟ್ಟಿಯಿಂದ ರಕ್ತ ನಿಂತು, ಕೈಯ ಮಾಂಸಖಂಡ ಸತ್ತು, ಬೆರಳು ಕೊಕ್ಕೆಯಂತೆ ಸೊಟ್ಟಗಾಗುವುದನ್ನು ವಿವರಿಸಿದರು. ಇದು ನಾಟಿ ಕಟ್ಟಿನಲ್ಲೂ ಆಗುತ್ತದೆ, ಆಸ್ಪತ್ರೆಯ ಪ್ಲಾಸ್ಟರಿನಲ್ಲೂ ಆಗುತ್ತದೆ. ಕಟ್ಟು ಹಾಕಿದ ಮೇಲೆ ಬೆರಳು ತಣ್ಣಗಾದರೆ, ನೀಲಿ ಅಥವಾ ಬಿಳಿಚಿಕೊಂಡರೆ, ಜೋಮು ಹಿಡಿದರೆ, ಬೆರಳನ್ನು ಮೆಲ್ಲಗೆ ನೆಟ್ಟಗೆ ಮಾಡಿದಾಗ ಪ್ರಾಣ ಹೋಗುವಂಥ ನೋವು ಬಂದರೆ ಬೆಳಗಾಗಲಿ ಎಂದು ಕಾಯಬಾರದು. ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ ಬಿಚ್ಚಿಸಬೇಕು. ಕೆಲವೇ ಗಂಟೆಗಳ ಲೆಕ್ಕ ಅದು. ಚರ್ಮ ಹರಿದು ಮೂಳೆ ಹೊರಗೆ ಕಾಣುತ್ತಿದ್ದರಂತೂ ನಾಟಿ ಕಟ್ಟಿನ ಮಾತೇ ಬೇಡ.

ಥಾಮಸರನ್ನು ಮೊದಲು ಗುರುತಿಸಿದ ದೂರದವರಲ್ಲಿ ಅಮೆರಿಕದ ಜಾನ್ ರಿಡ್ಲನ್ ಒಬ್ಬರು. 1887ರಲ್ಲಿ ಲಿವರ್‌ಪೂಲಿಗೆ ಬಂದು ಕೆಲಸ ನೋಡಿ ಮರುಳಾಗಿ, ನ್ಯೂಯಾರ್ಕಿಗೆ ಮರಳಿ ಅದೇ ಸ್ಪ್ಲಿಂಟ್ ಬಳಸತೊಡಗಿದರು. ಅಲ್ಲಿಯ ಹಿರಿಯರಿಗೆ ಅದು ಸರಿ ಬರಲಿಲ್ಲ. ರಿಡ್ಲನ್ ಹುದ್ದೆ ಕಳೆದುಕೊಂಡು ಶಿಕಾಗೋಗೆ ಹೋಗಬೇಕಾಯಿತು. ಎರಡು ಸರಳು, ಒಂದು ಬಳೆಗಾಗಿ.

1891ರ ಚಳಿಗಾಲದಲ್ಲಿ ರೋಗಿಯೊಬ್ಬರನ್ನು ನೋಡಿ ಬಂದ ಥಾಮಸರಿಗೆ ಶೀತ ಹಿಡಿದು ನ್ಯುಮೋನಿಯಾ ಆಯಿತು. ಜೀವನವಿಡೀ ಬೇರೆಯವರಿಗೆ ವಿಶ್ರಾಂತಿ ಹೇಳಿದವರು ತಾವು ಮಾತ್ರ ಒಂದು ದಿನವೂ ತೆಗೆದುಕೊಂಡವರಲ್ಲ. ಜನವರಿ 6ರಂದು ತೀರಿಕೊಂಡರು. ವಯಸ್ಸು 56. ಆಸ್ಪತ್ರೆಗಳು ಕರೆಯದ ಡಾಕ್ಟರ ಶವದ ಹಿಂದೆ ಸಾವಿರಾರು ಜನ ನಡೆದರು. ಹಮಾಲರು, ನಾವಿಕರು, ಗಿರಣಿಯವರು, ಹೆಂಗಸರು ಮಕ್ಕಳು. ಅವರಲ್ಲಿ ಅನೇಕರು ನಡೆಯಲು ಸಾಧ್ಯವಾದದ್ದೇ ಆತನಿಂದ.

ಅಳಿಯನ ಕೈಯಲ್ಲಿ

ಆ ಹೊತ್ತಿಗೆ ರಾಬರ್ಟ್ ಜೋನ್ಸ್ ಬೇರೊಂದು ಕಡೆ ಪಳಗುತ್ತಿದ್ದರು. ಮ್ಯಾಂಚೆಸ್ಟರಿಗೆ ಹಡಗು ಬರಲೆಂದು ಅಗೆಯುತ್ತಿದ್ದ ದೊಡ್ಡ ಕಾಲುವೆಯ ಕೆಲಸ 1887ರಿಂದ 1894ರವರೆಗೆ ನಡೆಯಿತು. ಸಾವಿರಾರು ಕೂಲಿಗಳು, ದಿನವೂ ಅಪಘಾತ. ಜೋನ್ಸ್ ಅಲ್ಲಿಯ ಮುಖ್ಯ ಸರ್ಜನ್. ಕಾಲುವೆಯುದ್ದಕ್ಕೂ ಆಸ್ಪತ್ರೆಗಳು, ನಡುನಡುವೆ ಪ್ರಥಮ ಚಿಕಿತ್ಸೆಯ ಠಾಣೆಗಳು, ಗಾಯಾಳುವನ್ನು ಸಾಗಿಸಲು ರೈಲು. ಮುರಿದ ಕಾಲನ್ನು ಬಿದ್ದ ಜಾಗದಲ್ಲೇ ಅಲುಗದಂತೆ ಕಟ್ಟಿ ಆಮೇಲೆ ಸಾಗಿಸುವುದು ಅಲ್ಲಿಯ ರೂಢಿಯಾಯಿತು. ಮಾವ ಹೇಳಿದ್ದನ್ನು ಅಳಿಯ ಸೇನೆಯಂತೆ ಸಜ್ಜುಗೊಳಿಸಿದರು. ಸ್ವಭಾವದಲ್ಲಿ ಮಾವನಿಗೆ ಪೂರಾ ಉಲ್ಟಾ. ನಗುಮುಖ, ಯಾರೊಂದಿಗೂ ಜಗಳವಿಲ್ಲ. ಮಾವನ ವಿದ್ಯೆ ಲೋಕಕ್ಕೆ ಹೋದದ್ದು ಬಹುಶಃ ಈ ನಗುಮುಖದಿಂದಲೇ.

ಆಗ್ನೆಸ್ ಹಂಟ್ ಎಂಬ ದಾದಿ, ಬಾಲ್ಯದಲ್ಲೇ ಸೊಂಟದ ಮೂಳೆರೋಗದಿಂದ ಕುಂಟಾದವರು, 1900ರಲ್ಲಿ ಬ್ಯಾಸ್‌ಚರ್ಚ್ ಎಂಬ ಹಳ್ಳಿಯಲ್ಲಿ ಅಂಗವಿಕಲ ಮಕ್ಕಳಿಗೆ ಮನೆಯೊಂದನ್ನು ತೆರೆದಿದ್ದರು. ಒಂದು ಬದಿ ತೆರೆದ ಚಪ್ಪರಗಳಲ್ಲಿ ಮಂಚ ಹಾಕಿ, ಗಾಳಿ ಬೆಳಕಿನಲ್ಲಿ ಮಕ್ಕಳನ್ನು ಸಾಕುತ್ತಿದ್ದರು. ಜೋನ್ಸ್ ಅಲ್ಲಿಗೆ ನಿಯಮಿತವಾಗಿ ಬರತೊಡಗಿದರು. ನೋವಿನಲ್ಲಿರುವವರಿಗೆ ಏನು ಬೇಕೆಂದು ಬಲ್ಲ ದಾದಿ, ಮೂಳೆ ಹಿಡಿದಿಡಬಲ್ಲ ಡಾಕ್ಟರು. ಆ ಸಂಸ್ಥೆ ಮುಂದೆ ಆಸ್‌ವೆಸ್ಟ್ರಿಗೆ ಹೋಯಿತು, ಇಬ್ಬರ ಹೆಸರಿನಲ್ಲಿ ಈಗಲೂ ಇದೆ.

1914ರಲ್ಲಿ ಮೊದಲ ಮಹಾಯುದ್ಧ ಬಂತು. ಗುಂಡು ತಾಗಿ ತೊಡೆಮೂಳೆ ಮುರಿದ ಸೈನಿಕರು ರಣರಂಗದಿಂದ ಆಸ್ಪತ್ರೆಗೆ ಬರುವ ದಾರಿಯಲ್ಲೇ ಸಾಯುತ್ತಿದ್ದರು. ಗಾಡಿಯ ಒಂದೊಂದು ಕುಲುಕಿಗೂ ಮೂಳೆಯ ಚೂಪು ತುದಿ ಮಾಂಸವನ್ನು ಸೀಳಿ ರಕ್ತ ಹೋಗುತ್ತಿತ್ತು. ಆರಂಭದಲ್ಲಿ ಇಂಥವರಲ್ಲಿ ನೂರಕ್ಕೆ 80 ಮಂದಿ ಸಾಯುತ್ತಿದ್ದರೆಂದೂ, ಥಾಮಸ್ ಸ್ಪ್ಲಿಂಟ್ ಬಂದ ಮೇಲೆ ಅದು 20ರ ಆಸುಪಾಸಿಗೆ ಇಳಿಯಿತೆಂದೂ ವೈದ್ಯ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣುವ ಲೆಕ್ಕ. ಬೇರೆ ಸುಧಾರಣೆಗಳೂ ಜೊತೆಗಿದ್ದವು ಎನ್ನುವುದನ್ನು ಮರೆಯಬಾರದು. ಸೇನೆಗೆ ಇದನ್ನು ಹಿಡಿಸಿದವರು ಜೋನ್ಸ್. ಗಾಯಾಳುಗಳನ್ನು ಹೊರುವ ಸಿಪಾಯಿಗಳಿಗೆ ಕಣ್ಣಿಗೆ ಬಟ್ಟೆ ಕಟ್ಟಿ ಸ್ಪ್ಲಿಂಟ್ ಹಾಕುವುದನ್ನು ಕಲಿಸಿದರು, ಕತ್ತಲಲ್ಲೂ ಕೈ ತಪ್ಪಬಾರದೆಂದು. ಗಾಯಾಳುವಿನ ಬೂಟು ಬಿಚ್ಚದೆ, ಅದಕ್ಕೇ ಪಟ್ಟಿ ಬಿಗಿದು ಕಾಲನ್ನು ಎಳೆದಿಡುತ್ತಿದ್ದರು. ಮಾವ ತೀರಿ ಆಗ ಕಾಲು ಶತಮಾನವಾಗಿತ್ತು. 1917ರಲ್ಲಿ ಜೋನ್ಸ್‌ಗೆ ಸರ್ ಪದವಿ ಬಂತು.

ಈಗ ಚಿಕಿತ್ಸೆ ಬೇರೆಯಾಗಿದೆ. ತೊಡೆಮೂಳೆ ಮುರಿದ ದೊಡ್ಡವರಿಗೆ ಮೂಳೆಯ ಒಳಗೇ ಲೋಹದ ಸರಳು ಇಳಿಸಿ, ಕೆಲವೇ ದಿನಗಳಲ್ಲಿ ಎಬ್ಬಿಸಿ ನಡೆಸುತ್ತಾರೆ. ತಿಂಗಳುಗಟ್ಟಲೆ ಮಲಗಿಸುವುದು ಒಳ್ಳೆಯದಲ್ಲವೆಂದು, ಅದರಲ್ಲೂ ಸೊಂಟ ಮುರಿದ ಮುದುಕರನ್ನು ಆದಷ್ಟು ಬೇಗ ಎಬ್ಬಿಸಬೇಕೆಂದು ಗೊತ್ತಾಗಿದೆ. ಕಾಲು ಸುಮ್ಮನಿರಲಿ, ಮನುಷ್ಯ ಓಡಾಡಲಿ ಎಂದು ಥಾಮಸ್ ಕಬ್ಬಿಣವನ್ನು ಹೊರಗೆ ಕಟ್ಟಿ ಮಾಡಲು ಹೋದದ್ದನ್ನು ಈಗ ಒಳಗೆ ಇಟ್ಟು ಮಾಡುತ್ತಾರೆ. ಆದರೂ ಆಪರೇಷನ್ನಿಗೆ ಕಾಯುವಾಗ, ಊರಿಂದ ಊರಿಗೆ ಸಾಗಿಸುವಾಗ, ಸಣ್ಣ ಮಕ್ಕಳ ತೊಡೆ ಮುರಿದಾಗ ಹಳೆಯ ಬಳೆಯೇ ಬರುತ್ತದೆ. ದಾದಿ ಟೇಪು ಹಿಡಿದು ಅಳತೆ ತೆಗೆದುಕೊಳ್ಳುತ್ತಾರೆ. ತೊಡೆಯ ಬುಡದ ಸುತ್ತಳತೆಗೆ ಎರಡು ಅಂಗುಲ ಕೂಡಿಸಿ ಬಳೆ ಆರಿಸುತ್ತಾರೆ, ತೊಡೆಸಂದಿನಿಂದ ಹಿಮ್ಮಡಿಯವರೆಗಿನ ಉದ್ದಕ್ಕೆ ಆರೇಳು ಅಂಗುಲ ಹೆಚ್ಚು ಇಟ್ಟು ಸರಳು. ಉದ್ದ ಅಳೆಯುವುದು ಮುರಿದ ಕಾಲಿನಿಂದಲ್ಲ, ಚೆನ್ನಾಗಿರುವ ಕಾಲಿನಿಂದ. ಮುರಿದದ್ದು ಗಿಡ್ಡವಾಗಿರುತ್ತದೆ.